ಕಿವಿ ಕೇಳದವರೂ ದೂರವಾಣಿಯೂ: ರಿಲೇ ಸೇವೆಯ ಕಾನೂನು ಕುರಿತು ಒಂದು ವಿಚಾರ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಪೀಠಿಕೆ

ದೂರವಾಣಿ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ದೂರದಿಂದ ಬರುವ ವಾಣಿ ಎಂದಾಗುತ್ತದೆ. ವಾಣಿಯೇ ಇಲ್ಲದವರಿಗೆ, ಬಂದ ವಾಣಿ ಕಿವಿಗೆ ಬೀಳದವರಿಗೆ ಈ ಯಂತ್ರದಿಂದ ಏನು ಪ್ರಯೋಜನ? ಇದೆಂತಹ ಪ್ರಶ್ನೆ ಎಂದು ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಆದರೆ ಈ ಪ್ರಶ್ನೆಗೆ ಕೆಲವು ದೇಶಗಳು ಕಾನೂನಿನ ಮೂಲಕವೇ ಉತ್ತರ ಕೊಟ್ಟಿವೆ. ನಮ್ಮ ದೇಶ ಅರ್ಧ ಉತ್ತರ ಕೊಟ್ಟು ನಿಂತಿದೆ. ಆ ಉತ್ತರಗಳನ್ನು ಯಥಾಶಕ್ತಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ವಿಷಯಕ್ಕೆ ಬರುವ ಮುನ್ನ ನಾನು ಇದನ್ನೇಕೆ ಆರಿಸಿಕೊಂಡೆನೆಂಬುದನ್ನು ಹೇಳಬೇಕು. ನನ್ನ ತಾಯಿಯ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಸೊರಬ ತಾಲ್ಲೂಕಿನ ಆನವಟ್ಟಿಯ ಕಡೆಯ ಒಂದು ಹಳ್ಳಿಯಲ್ಲಿ ಅಜ್ಜಿಯೊಡನೆ ಇದ್ದಾರೆ, ಹೊಲಿಗೆಯಿಂದ ಜೀವನ. ನಮ್ಮ ಮನೆ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಕಡೆಗೆ. ನನ್ನ ತಂದೆ ಹೆಬ್ಬೆಟ್ಟು ಒತ್ತುವವರು. ತಾಯಿ ಮೂರನೆಯ ತರಗತಿಗೆ ಶಾಲೆ ಬಿಟ್ಟವರು. ಕಾಲೇಜಿನ ಮೆಟ್ಟಿಲು ಹತ್ತಿದವಳು ಮನೆತನದಲ್ಲಿ ನಾನೇ ಮೊದಲು. ಅಕ್ಷರ ಬಲ್ಲವಳೆಂಬ ಕಾರಣಕ್ಕೆ ತಂದೆಗೆ ಬಂದ ಕಾಗದಗಳನ್ನು ಓದಿ ಹೇಳುವ ಕೆಲಸವೂ, ಕಿವಿ ಕೇಳುವವಳೆಂಬ ಕಾರಣಕ್ಕೆ ಚಿಕ್ಕಮ್ಮನಿಗೆ ಬಂದ ಫೋನುಗಳನ್ನು ಕೇಳಿ ಹೇಳುವ ಕೆಲಸವೂ ನನ್ನ ಪಾಲಿಗೆ ಬಂದವು. ಚಿಕ್ಕಮ್ಮ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸನ್ನೆಯ ಹೆಸರಿಟ್ಟಿದ್ದಾರೆ. ಮೀಸೆ ತಿರುವಿದರೆ ನನ್ನ ತಂದೆ; ಬೆನ್ನು ಬಾಗಿಸಿದರೆ ಅಜ್ಜಿ; ಕಿವಿಯ ತುದಿ ಮುಟ್ಟಿದರೆ ನಾನು. ಏಳೆಂಟು ವರ್ಷದವಳಾಗಿದ್ದಾಗಿನಿಂದ ನಾನು ಅವರ ಕಿವಿ. ಈ ಕೆಲಸಕ್ಕೆ ಬೇರೆ ದೇಶಗಳಲ್ಲಿ ಒಂದು ಹೆಸರೂ, ಸಂಬಳವೂ, ನಿಯಮವೂ ಇವೆಯೆಂಬುದು ನನಗೆ ತಿಳಿದುದು ಈ ವರ್ಷ, ರಾಜ್ಯಶಾಸ್ತ್ರದ ತರಗತಿಗಾಗಿ ಒಂದು ಪ್ರಬಂಧ ಬರೆಯಲು ಕುಳಿತಾಗ.

ರಿಲೇ ಸೇವೆ ಎಂದರೇನು?

ನಮ್ಮ ಹಿರಿಯರಿಗೆ ಟ್ರಂಕ್ ಕಾಲ್ ನೆನಪಿರಬಹುದು. ಬೆಂಗಳೂರಿಗೆ ಮಾತನಾಡಬೇಕಾದರೆ ಮೊದಲು ಎಕ್ಸ್‌ಚೇಂಜಿನ ಆಪರೇಟರಿಗೆ ನಂಬರು ಬರೆಸಿ ಕಾಯಬೇಕಾಗಿತ್ತು. ಇಬ್ಬರ ನಡುವೆ ಮೂರನೆಯವರೊಬ್ಬರು ಕುಳಿತು ತಂತಿಗೆ ತಂತಿ ಜೋಡಿಸುತ್ತಿದ್ದರು. ರಿಲೇ ಸೇವೆಯಲ್ಲಿಯೂ ಮೂರನೆಯವರೊಬ್ಬರಿದ್ದಾರೆ. ಆದರೆ ಅವರು ಜೋಡಿಸುವುದು ತಂತಿಯನ್ನಲ್ಲ, ಮಾತನ್ನು.

ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಮೊದಲನೆಯದು ಅಕ್ಷರದ ರಿಲೇ. ಕಿವಿ ಕೇಳದವರು ತಮ್ಮ ಯಂತ್ರದಲ್ಲಿ ಅಕ್ಷರ ಒತ್ತಿ ಬರೆಯುತ್ತಾರೆ. ಕೇಂದ್ರದಲ್ಲಿ ಕುಳಿತ ಸಹಾಯಕರು ಅದನ್ನು ಓದಿ ಆಚೆಯವರಿಗೆ ಹೇಳುತ್ತಾರೆ. ಆಚೆಯವರು ಆಡಿದುದನ್ನು ಬೆರಳಚ್ಚಿಸಿ ಈಚೆಗೆ ಕಳುಹಿಸುತ್ತಾರೆ. ಎರಡನೆಯದು ವಿಡಿಯೊ ರಿಲೇ. ಇಲ್ಲಿ ಕಿವಿ ಕೇಳದವರು ಕ್ಯಾಮೆರದ ಮುಂದೆ ಸಂಜ್ಞಾಭಾಷೆಯಲ್ಲಿ ಮಾತನಾಡುತ್ತಾರೆ. ಸಂಜ್ಞಾಭಾಷೆ ಬಲ್ಲ ದುಭಾಷಿ ಅದನ್ನು ಧ್ವನಿಗೆ ತಿರುಗಿಸುತ್ತಾರೆ. ಮೂರನೆಯದು ಮಾತು ತೊದಲುವವರಿಗೆ, ಪಾರ್ಶ್ವವಾಯು ಮೊದಲಾದ ಕಾರಣಗಳಿಂದ ಉಚ್ಚಾರ ಕೆಟ್ಟವರಿಗೆ. ಅಂತಹ ಮಾತನ್ನು ತಿಳಿದುಕೊಳ್ಳಲು ತರಬೇತಾದ ಸಹಾಯಕರು ಅದನ್ನೇ ಸ್ಪಷ್ಟವಾಗಿ ಮತ್ತೊಮ್ಮೆ ಆಡುತ್ತಾರೆ. ಕೇಳದಿರುವುದು ಬೇರೆ, ಆಡಲಾಗದಿರುವುದು ಬೇರೆ ಎಂಬುದನ್ನು ಈ ಮೂರನೆಯ ಬಗೆ ನಮಗೆ ನೆನಪಿಸುತ್ತದೆ. ಎರಡನ್ನೂ ಒಂದೇ ಗಂಟು ಕಟ್ಟಿ 'ಕಿವುಡ ಮೂಕ' ಎಂದು ಕರೆಯುವ ಹಳೆಯ ರೂಢಿ ಸರಿಯಲ್ಲ. ನಮ್ಮ ಚಿಕ್ಕಮ್ಮ ಮೂಕರಲ್ಲ; ಅವರ ಕೈ ಒಮ್ಮೆ ಮಾತಿಗೆ ತೊಡಗಿದರೆ ನಿಲ್ಲಿಸುವುದೇ ಕಷ್ಟ.

ಇತಿಹಾಸದ ಒಂದು ವಿಪರ್ಯಾಸ

1876ರಲ್ಲಿ ದೂರವಾಣಿಗೆ ಪೇಟೆಂಟು ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ತಾಯಿಗೆ ಕಿವಿ ಮಂದವಾಗಿತ್ತು. ಅವನ ಕೈಹಿಡಿದ ಮೇಬೆಲ್‌ಗೆ ಕಿವಿ ಕೇಳುತ್ತಿರಲಿಲ್ಲ. ಅವನೂ ಕಿವುಡ ಮಕ್ಕಳಿಗೆ ಪಾಠ ಹೇಳಿದ ಉಪಾಧ್ಯಾಯನೇ. ಆದರೂ ಅವನು ಲೋಕಕ್ಕೆ ಕೊಟ್ಟ ಯಂತ್ರ ತನ್ನ ಹೆಂಡತಿಯೇ ಬಳಸಲಾಗದ ಯಂತ್ರವಾಯಿತು. ಮೇಲಾಗಿ, ಸಂಜ್ಞಾಭಾಷೆಯನ್ನು ಬಿಡಿಸಿ ತುಟಿ ನೋಡಿ ಮಾತು ಕಲಿಸಬೇಕೆಂಬ ಪಕ್ಷದವರಲ್ಲಿ ಅವನು ಪ್ರಮುಖ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಉಪಾಧ್ಯಾಯರ ಸಮ್ಮೇಳನವೂ ಇದೇ ನಿರ್ಣಯ ಮಾಡಿತು. ಅದರ ಪರಿಣಾಮವಾಗಿ ಅನೇಕ ದೇಶಗಳ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿದಂತಾಯಿತು.

ಈ ಬಾಗಿಲನ್ನು ತೆರೆದವರು ಕಿವಿ ಕೇಳದವರೇ ಎಂಬುದು ಗಮನಾರ್ಹ. 1964ರಲ್ಲಿ ಅಮೆರಿಕದ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ಭೌತವಿಜ್ಞಾನಿ ಟೆಲಿಟೈಪ್ ಯಂತ್ರದ ಅಕ್ಷರಗಳನ್ನು ಧ್ವನಿಯಾಗಿ ಮಾಡಿ ಸಾಮಾನ್ಯ ದೂರವಾಣಿಯ ತಂತಿಯಲ್ಲಿ ಸಾಗಿಸುವ ಸಾಧನವನ್ನು ರೂಪಿಸಿದರು. ಜೇಮ್ಸ್ ಮಾರ್ಸ್ಟರ್ಸ್ ಎಂಬ ಕಿವುಡ ದಂತವೈದ್ಯರೂ, ಆಂಡ್ರೂ ಸಾಕ್ಸ್ ಎಂಬ ಮತ್ತೊಬ್ಬರೂ ಅವರಿಗೆ ಜೊತೆಯಾದರು. ಕಂಪನಿಗಳು ಬೇಡವೆಂದು ಬಿಸುಟ ಹಳೆಯ ಟೆಲಿಟೈಪ್ ಯಂತ್ರಗಳು ಹೀಗೆ ಕಿವುಡರ ಮನೆಗಳಲ್ಲಿ ದೂರವಾಣಿಗಳಾದವು. ಆದರೆ ಇಬ್ಬರ ಬಳಿಯೂ ಯಂತ್ರವಿದ್ದರೆ ಮಾತ್ರ ಸಂಭಾಷಣೆ. ಡಾಕ್ಟರಿಗೆ, ಅಂಗಡಿಗೆ, ಮಗುವಿನ ಶಾಲೆಗೆ ಮಾತನಾಡಬೇಕಾದರೆ? ಅಲ್ಲಿ ನಡುವಿನವರು ಬೇಕಾದರು. ಮೊದಮೊದಲು ಪರೋಪಕಾರಿಗಳಾದ ಸ್ವಯಂಸೇವಕರು ಈ ಕೆಲಸ ಮಾಡಿದರು. 1987ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ರಾಜ್ಯಾದ್ಯಂತ ರಿಲೇ ಸೇವೆಯನ್ನು ಆರಂಭಿಸಿತು. ಬ್ರಿಟನ್ನಿನಲ್ಲಿ 1991ರಲ್ಲಿ ಟೈಪ್‌ಟಾಕ್ ಎಂಬ ಸೇವೆ ಬಂದಿತು.

ಪರೋಪಕಾರದಿಂದ ಹಕ್ಕಿಗೆ ದಾಟಿದುದು 1990ರ ಜುಲೈ 26ರಂದು. ಅಂದು ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ ಅಂಗವಿಕಲರ ಅಧಿನಿಯಮದ ನಾಲ್ಕನೆಯ ಭಾಗವು 1934ರ ಸಂಪರ್ಕ ಅಧಿನಿಯಮಕ್ಕೆ 225ನೆಯ ಕಲಮನ್ನು ಸೇರಿಸಿತು. ಮೂರು ವರ್ಷಗಳೊಳಗೆ, ಎಂದರೆ 1993ರ ಜುಲೈ 26ರೊಳಗೆ, ಪ್ರತಿಯೊಂದು ದೂರವಾಣಿ ಕಂಪನಿಯೂ ತನ್ನ ಪ್ರದೇಶದಲ್ಲಿ ರಿಲೇ ಸೇವೆ ಒದಗಿಸಲೇಬೇಕೆಂದು ಅದು ವಿಧಿಸಿತು. ಅದನ್ನು ನೋಡಿಕೊಳ್ಳುವ ಹೊಣೆ ಫೆಡರಲ್ ಸಂಪರ್ಕ ಆಯೋಗದ್ದಾಯಿತು. ಮಾತು ತೊದಲುವವರ ಸೇವೆಯು 2001ರ ಮಾರ್ಚ್‌ನಿಂದ ಕಡ್ಡಾಯವಾಯಿತು. ಅದೇ ವರ್ಷ ಅಕ್ಟೋಬರ್ 1ರಿಂದ ದೇಶದ ಯಾವ ಮೂಲೆಯಿಂದಲಾದರೂ 711 ಒತ್ತಿದರೆ ರಿಲೇ ಸಿಗುವಂತಾಯಿತು.

ನಿಯಮಗಳೂ ಅವುಗಳ ಹಿಂದಿನ ವಿವೇಕವೂ

ಸೇವೆ ಕೊಡಿ ಎಂದಷ್ಟೇ ಹೇಳಿ ಕಾನೂನು ಸುಮ್ಮನಾಗಿದ್ದರೆ ಅದರಲ್ಲಿ ಅಭ್ಯಾಸ ಮಾಡುವಂತಹುದೇನೂ ಇರುತ್ತಿರಲಿಲ್ಲ. ಆ ಸೇವೆ ಹೇಗಿರಬೇಕೆಂದು ಅದು ಬಿಡಿಬಿಡಿಯಾಗಿ ಹೇಳಿದೆ. ಕೇಳುವವರಿಗೆ ದೂರವಾಣಿ ಯಾವ ಕೆಲಸ ಮಾಡಿಕೊಡುತ್ತದೆಯೋ ಕೇಳದವರಿಗೂ ಅದೇ ಕೆಲಸವನ್ನು ಅಷ್ಟೇ ಸಮನಾಗಿ ಮಾಡಿಕೊಡಬೇಕು ಎಂಬುದು ಮೂಲಸೂತ್ರ. ಉಳಿದ ನಿಯಮಗಳೆಲ್ಲ ಇದರ ಕವಲುಗಳು.

ಒಂದನೆಯದು ಗೋಪ್ಯತೆ. ಸಹಾಯಕರು ತಾವು ದಾಟಿಸಿದ ಮಾತನ್ನು ಬೇರೊಬ್ಬರಿಗೆ ಹೇಳಕೂಡದು. ಕರೆ ಮುಗಿದ ಮೇಲೆ ಅದರ ದಾಖಲೆಯನ್ನು ಇಟ್ಟುಕೊಳ್ಳಕೂಡದು. ನಮ್ಮ ಮನೆಗಳಲ್ಲಿ ಇದರ ಗಂಧವೇ ಇಲ್ಲ. ಚಿಕ್ಕಮ್ಮನಿಗೆ ಬಂದ ಪ್ರತಿಯೊಂದು ಫೋನಿನ ವಿಷಯವೂ ಅವರಿಗೆ ತಲಪುವ ಮೊದಲು ಜಗಲಿಯಲ್ಲಿ ಕುಳಿತವರಿಗೆಲ್ಲ ತಲಪುತ್ತಿತ್ತು.

ಎರಡನೆಯದು ಯಥಾರ್ಥತೆ. ಬಂದ ಮಾತನ್ನು ಬಂದಂತೆಯೇ ದಾಟಿಸಬೇಕು. ಬಳಸುವವರೇ ಸಂಕ್ಷೇಪವಾಗಿ ಹೇಳಿರೆಂದು ಕೇಳಿಕೊಂಡರೆ ಸರಿ. ಇಲ್ಲವಾದರೆ ಬೈಗುಳವಿರಲಿ, ಪ್ರೇಮವಿರಲಿ, ಕೆಟ್ಟ ಸುದ್ದಿಯಿರಲಿ, ಒಂದನ್ನೂ ಬಿಡಕೂಡದು, ಸೇರಿಸಕೂಡದು, ತಿದ್ದಕೂಡದು.

ಈ ನಿಯಮವನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಾರಣವನ್ನು ಇಲ್ಲಿ ಹೇಳಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ. ನನಗೆ ಹನ್ನೆರಡು ವರ್ಷವಾಗಿದ್ದಾಗ ಚಿಕ್ಕಮ್ಮನಿಗೆ ಹಾನಗಲ್ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಗಂಡಿನವರು ಬಂದು ನೋಡಿಕೊಂಡು ಹೋಗಿದ್ದರು. ಚಿಕ್ಕಮ್ಮನಿಗೆ ಒಪ್ಪಿಗೆಯಾಗಿತ್ತು. ಎಂಟು ದಿನಗಳ ಮೇಲೆ ಗಂಡಿನ ಅಣ್ಣನ ಫೋನು ಬಂದಿತು. ನಾನೇ ಎತ್ತಿಕೊಂಡೆ. "ಹುಟ್ಟುವ ಮಕ್ಕಳಿಗೂ ಹೀಗೇ ಆದರೆ ಏನು ಮಾಡೋದು ಅಂತ ನಮ್ಮ ಮನೇಲಿ ಕೇಳ್ತಿದಾರೆ. ಡಾಕ್ಟರ ಹತ್ರ ಒಂದು ಸಲ ತೋರಿಸಿ ವಿಚಾರಿಸೋಣ ಅಂದ್ರೆ ನಿಮ್ಮೋರು ಏನಂತಾರೆ ಕೇಳಿ ಹೇಳಮ್ಮ" ಎಂದರು. ಅಜ್ಜಿಗೆ ಹೇಳಿದೆ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅವಳಿಗೆ ಹೇಳಬೇಡ ಕಣೇ. ಸುಮ್ಮನೆ ನೊಂದ್ಕೋತಾಳೆ. ಆಮೇಲೆ ಮಾತಾಡ್ತಾರಂತೆ ಅನ್ನು" ಎಂದರು. ನಾನು ಹಾಗೆಯೇ ಸನ್ನೆ ಮಾಡಿದೆ. ಚಿಕ್ಕಮ್ಮ ಕಾದರು. ಆಚೆಯವರು ನಮ್ಮಿಂದ ಉತ್ತರ ಬಾರದ್ದನ್ನು ಕಂಡು ಬೇರೆ ಕಡೆ ನೋಡಿಕೊಂಡರು.

ಎರಡು ವರ್ಷಗಳ ಮೇಲೆ ಯಾರದೋ ಮದುವೆಯ ಮನೆಯಲ್ಲಿ ಈ ಸಂಗತಿ ಚಿಕ್ಕಮ್ಮನಿಗೆ ಹೇಗೋ ತಿಳಿಯಿತು. ಊರಿನ ಶಾಲೆಯ ಹಿಂದಿನ ಬೆಂಚಿನಲ್ಲಿ ಕೆಲವು ವರ್ಷ ಕುಳಿತು ಅವರು ಕನ್ನಡ ಅಕ್ಷರ ಕಲಿತಿದ್ದರು. ಅಂದು ರಾತ್ರಿ ಅಳತೆ ಬರೆಯುವ ಪುಸ್ತಕದಲ್ಲಿ ಎರಡು ಸಾಲು ಬರೆದು ನನ್ನ ಮುಂದೆ ಹಿಡಿದರು: "ಅದು ನನಗೆ ಬಂದ ಮಾತು. ನಿನಗೆ ಅಲ್ಲ." ಅವರು ಅಳಲಿಲ್ಲ, ಬೈಯಲೂ ಇಲ್ಲ. ಆ ಪ್ರಶ್ನೆಗೆ ಅವರ ಬಳಿ ಉತ್ತರವಿತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಏಕೆಂದರೆ ಅವರನ್ನು ಯಾರೂ ಕೇಳಲೇ ಇಲ್ಲ. ಡಾಕ್ಟರ ಬಳಿಗೆ ಹೋಗೋಣವೆಂದು ಅವರು ಒಪ್ಪುತ್ತಿದ್ದರೋ, ಇಂತಹ ಮನೆ ಬೇಡವೆನ್ನುತ್ತಿದ್ದರೋ, ಅದು ಅವರ ತೀರ್ಮಾನವಾಗಬೇಕಾಗಿತ್ತು. ಅಜ್ಜಿಯದು ಕರುಣೆಯೇ, ನನ್ನದು ಮಕ್ಕಳ ವಿಧೇಯತೆಯೇ. ಆದರೂ ಕರುಣೆಯೂ ವಿಧೇಯತೆಯೂ ಸೇರಿ ಒಬ್ಬರ ಬಾಳಿನ ಮಾತನ್ನು ಕದ್ದವು. ಅಮೆರಿಕದ ಕಾನೂನು ಮಾಡಿದವರು ನಮ್ಮ ಅಜ್ಜಿಯನ್ನು ನೋಡಿಲ್ಲ. ಆದರೆ ನಡುವೆ ನಿಂತವರಿಗೆ ಕರುಣೆಯಿಂದಲೂ ಮಾತನ್ನು ತಿದ್ದುವ ಅಧಿಕಾರವಿಲ್ಲವೆಂದು ಅವರು ಕಂಡುಕೊಂಡಿದ್ದರು.

ಮೂರನೆಯ ನಿಯಮ, ಕರೆಯನ್ನು ನಿರಾಕರಿಸಕೂಡದು. ಒಂದಾದ ಮೇಲೊಂದು ಎಷ್ಟು ಕರೆ ಮಾಡಿದರೂ, ಎಷ್ಟು ಹೊತ್ತು ಮಾತನಾಡಿದರೂ ಮಿತಿ ಹಾಕಕೂಡದು. ಇದೂ ಅನುಭವದಿಂದ ಹುಟ್ಟಿದ ನಿಯಮ. ಮನೆಯ ಮಕ್ಕಳು ನಡುವಿನವರಾದರೆ ಪರೀಕ್ಷೆಯ ದಿನ ಕರೆಯಿಲ್ಲ, ಆಟದ ಹೊತ್ತಿನಲ್ಲಿ ಕರೆಯಿಲ್ಲ, ಮುನಿಸಿಕೊಂಡ ದಿನವಂತೂ ಇಲ್ಲವೇ ಇಲ್ಲ.

ನಾಲ್ಕನೆಯದು ಹೊತ್ತು ಮತ್ತು ವೇಗ. ಹಗಲುರಾತ್ರಿ ಸೇವೆಯಿರಬೇಕು. ಅಕ್ಷರದ ರಿಲೇಯಲ್ಲಿ ನೂರು ಕರೆಗಳಲ್ಲಿ 85 ಕರೆಗಳಿಗಾದರೂ 10 ಸೆಕೆಂಡಿನೊಳಗೆ ಉತ್ತರ ಸಿಗಬೇಕು. ಸಹಾಯಕರು ನಿಮಿಷಕ್ಕೆ ಕನಿಷ್ಠ 60 ಶಬ್ದಗಳನ್ನು ಬೆರಳಚ್ಚಿಸಬಲ್ಲವರಾಗಿರಬೇಕು. ಸೇವೆ ಉಂಟು ಎಂದು ಕಾಗದದಲ್ಲಿ ಬರೆದು, ಅರ್ಧ ಗಂಟೆ ಕಾಯಿಸಿದರೆ ಅದು ಇಲ್ಲದಂತೆಯೇ ಎಂಬುದನ್ನು ಈ ಅಂಕಿಗಳು ಒಪ್ಪಿಕೊಂಡಿವೆ.

ಐದನೆಯದು ಖರ್ಚು. ಬಳಸುವವರಿಂದ ಸಾಮಾನ್ಯ ಕರೆಗಿಂತ ಹೆಚ್ಚು ಹಣ ಪಡೆಯಕೂಡದು. ಹಾಗಾದರೆ ಸಹಾಯಕರಿಗೆ ಸಂಬಳ ಎಲ್ಲಿಂದ? ದೂರವಾಣಿ ಕಂಪನಿಗಳು ತಮ್ಮ ವರಮಾನದ ಒಂದು ಪಾಲನ್ನು ಒಂದು ನಿಧಿಗೆ ಕೊಡುತ್ತವೆ. ಆ ನಿಧಿಯಿಂದ ರಿಲೇ ಕೇಂದ್ರಗಳಿಗೆ ನಡೆಸಿಕೊಟ್ಟ ನಿಮಿಷಗಳ ಲೆಕ್ಕದಲ್ಲಿ ಹಣ ಸಂದಾಯವಾಗುತ್ತದೆ. ಊರಿನ ಎಲ್ಲರೂ ಒಂದೊಂದು ಹಿಡಿ ಅಕ್ಕಿ ಕೊಟ್ಟು ದಾಸೋಹ ನಡೆಸುವ ನಮ್ಮ ಕ್ರಮದಂತೆಯೇ ಇದು.

ಆದರೆ ಹಣವಿದ್ದಲ್ಲಿ ಕಳ್ಳದಾರಿಯೂ ಇರುತ್ತದೆ. ನಿಮಿಷಕ್ಕೆ ಇಷ್ಟು ಎಂದು ಹಣ ಬರುವುದನ್ನು ಕಂಡು ಕೆಲವರು ಸುಳ್ಳು ಕರೆಗಳನ್ನು ಹುಟ್ಟಿಸಿ ನಿಮಿಷಗಳನ್ನು ಬೆಳೆಸಿದರು. 2009ರ ನವೆಂಬರಿನಲ್ಲಿ ಅಮೆರಿಕದ ಸರ್ಕಾರ ವಿಡಿಯೊ ರಿಲೇ ವಂಚನೆಗಾಗಿ 26 ಜನರ ಮೇಲೆ ಮೊಕದ್ದಮೆ ಹೂಡಿತು. ಆ ಮೇಲೆ ಆಯೋಗ ನಿಯಮಗಳನ್ನು ಬಿಗಿಗೊಳಿಸಿತು. ಇದನ್ನು ಮುಂದಿಟ್ಟು ಇಂತಹ ಸೇವೆಯೇ ಬೇಡವೆನ್ನುವುದು ಇಲಿಗೆ ಹೆದರಿ ಕಣಜವನ್ನೇ ಸುಟ್ಟಂತೆ. ಸೇವೆಯನ್ನು ಕಡ್ಡಾಯ ಮಾಡುವುದು ಸರ್ಕಾರದ ಅರ್ಧ ಕೆಲಸ. ಲೆಕ್ಕ ನೋಡುವುದು ಉಳಿದರ್ಧ.

ಇವೆಲ್ಲಕ್ಕೂ ಪೂರಕವಾದ ಇನ್ನೊಂದು ನಿಯಮವುಂಟು. ರಿಲೇ ಮೂಲಕ ಬಂದ ಕರೆಯನ್ನು ಸರ್ಕಾರಿ ಕಚೇರಿಗಳೂ ಸಾರ್ವಜನಿಕ ವ್ಯವಹಾರದ ಸಂಸ್ಥೆಗಳೂ ಬೇರೆ ಕರೆಗಳಂತೆಯೇ ಸ್ವೀಕರಿಸಬೇಕು. ಈ ನಿಯಮವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ.

ಒಂದು ಸುಳ್ಳಿನ ಪ್ರಸಂಗ

ಕಳೆದ ವರ್ಷ ಸಂತೆಯಲ್ಲಿ ಚಿಕ್ಕಮ್ಮನ ಎ.ಟಿ.ಎಂ. ಕಾರ್ಡು ಕಳೆದುಹೋಯಿತು. ಮರುದಿನ ರಜೆ. ಕಾರ್ಡನ್ನು ತಡೆಹಿಡಿಸಬೇಕಾದರೆ ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡಬೇಕು. ಮಾಡಿದೆ. ಇದ್ದುದನ್ನು ಇದ್ದಂತೆ ಹೇಳಿದೆ. "ಖಾತೆದಾರರಿಗೆ ಫೋನು ಕೊಡಿ" ಎಂದರು. ಅವರಿಗೆ ಕಿವಿ ಕೇಳುವುದಿಲ್ಲ, ಪಕ್ಕದಲ್ಲಿಯೇ ಇದ್ದಾರೆ, ಕೇಳಿದುದಕ್ಕೆಲ್ಲ ಸನ್ನೆಯಿಂದ ಉತ್ತರ ಹೇಳುತ್ತಾರೆ ಎಂದೆ. "ಹಾಗಾದರೆ ಆಗೋದಿಲ್ಲಮ್ಮ, ಅವರೇ ಮಾತನಾಡಬೇಕು" ಎಂದು ಇಟ್ಟುಬಿಟ್ಟರು. ಐದು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಈ ಸಲ ಬೇರೊಬ್ಬರು ಸಿಕ್ಕಿದರು. ನಾನು ಚಿಕ್ಕಮ್ಮನ ಹೆಸರನ್ನೇ ನನ್ನ ಹೆಸರೆಂದು ಹೇಳಿ, ಅವರ ಜನ್ಮದಿನಾಂಕವನ್ನೇ ನನ್ನದೆಂದು ಹೇಳಿದೆ. ಎರಡು ನಿಮಿಷದಲ್ಲಿ ಕೆಲಸವಾಯಿತು.

ನಿಜ ಹೇಳಿದಾಗ ಆಗದ ಕೆಲಸ ಸುಳ್ಳು ಹೇಳಿದಾಗ ಆಯಿತು. ಆ ಉದ್ಯೋಗಿಯನ್ನು ದೂರಲಾರೆ. ಮೋಸಗಾರರ ಈ ಕಾಲದಲ್ಲಿ ಬ್ಯಾಂಕಿನವರು ಎಚ್ಚರವಾಗಿರಬೇಕಾದುದು ನ್ಯಾಯವೇ. ಇಂದು ನಾನು ಒಳ್ಳೆಯ ಉದ್ದೇಶದಿಂದ ಚಿಕ್ಕಮ್ಮನಂತೆ ನಟಿಸಿದೆ. ನಾಳೆ ಇನ್ನೊಬ್ಬರು ಕೆಟ್ಟ ಉದ್ದೇಶದಿಂದ ನಟಿಸಬಹುದು. ಅದಕ್ಕಾಗಿಯೇ ನಿಯಮ ಬೇಕೆನ್ನುವುದು. ಗುರುತು ನೋಂದಾಯಿಸಿದ ಬಳಕೆದಾರರು, ಹೊಣೆಗೊಳಪಟ್ಟ ಸಹಾಯಕರು, ಆ ಕರೆಯನ್ನು ಒಪ್ಪಲೇಬೇಕಾದ ಸಂಸ್ಥೆ, ಈ ಮೂರೂ ಇದ್ದರೆ ಸುಳ್ಳಿಗೆ ಅವಕಾಶವೇ ಇರದು. ನಿಯಮವಿಲ್ಲದ ಕಡೆ ಪ್ರಾಮಾಣಿಕರೂ ಸುಳ್ಳುಗಾರರಾಗಬೇಕಾಗುತ್ತದೆ.

ಕೈಸನ್ನೆಯ ಮಾತು ಮಾತೇ ಅಲ್ಲವೆನ್ನುವವರಿಗೆ ನಮ್ಮ ದೇಶದ ಹಳೆಯ ಕಾನೂನೇ ಉತ್ತರ ಹೇಳುತ್ತದೆ. 1872ರ ಭಾರತ ಸಾಕ್ಷ್ಯ ಅಧಿನಿಯಮದ 119ನೆಯ ಕಲಮಿನಂತೆ, ಮಾತನಾಡಲಾಗದ ಸಾಕ್ಷಿಯು ತೆರೆದ ನ್ಯಾಯಾಲಯದಲ್ಲಿ ಬರೆದೋ ಸನ್ನೆ ಮಾಡಿಯೋ ಸಾಕ್ಷ್ಯ ನುಡಿಯಬಹುದಾಗಿತ್ತು. ಅದನ್ನು ಬಾಯಿಮಾತಿನ ಸಾಕ್ಷ್ಯವೆಂದೇ ಎಣಿಸಬೇಕಾಗಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ತ್ವ ಉಳಿದಿದೆ. ಕೊಲೆಯ ಮೊಕದ್ದಮೆಯಲ್ಲಿ ನಂಬಬಹುದಾದ ಸನ್ನೆಯನ್ನು ಒಂದು ಕಾರ್ಡಿನ ವಿಷಯದಲ್ಲಿ ನಂಬಲಾಗದೆ?

ನಮ್ಮ ದೇಶದ ಸ್ಥಿತಿ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ 71 ಸಾವಿರ. ವಾಗ್ದೋಷವುಳ್ಳವರು ಸುಮಾರು 20 ಲಕ್ಷ. ಕರ್ನಾಟಕದಲ್ಲಿ ಮೊದಲನೆಯವರು ಸುಮಾರು 2 ಲಕ್ಷ 35 ಸಾವಿರ, ಎರಡನೆಯವರು ಸುಮಾರು 90 ಸಾವಿರ. ಇವರಿಗಾಗಿ ಕಾನೂನು ಏನು ಮಾಡಿದೆ?

2007ರ ಅಕ್ಟೋಬರ್ 1ರಂದು ಭಾರತವು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಅದನ್ನು ಅನುಸರಿಸಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಅದರ 42ನೆಯ ಕಲಮು ಮಾಹಿತಿ ಮತ್ತು ಸಂಪರ್ಕ ಸಾಧನಗಳು ಎಲ್ಲರಿಗೂ ಎಟುಕುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆನ್ನುತ್ತದೆ. 13ನೆಯ ಕಲಮು ತಮ್ಮ ಹಣಕಾಸಿನ ವ್ಯವಹಾರವನ್ನು ತಾವೇ ನಡೆಸುವ ಹಕ್ಕು ಇವರಿಗೂ ಸಮನಾಗಿ ಉಂಟೆನ್ನುತ್ತದೆ. ಇವು ಬಹಳ ದೊಡ್ಡ ಮಾತುಗಳು. ಆದರೆ ದೂರವಾಣಿ ಕಂಪನಿಗಳು ಹಗಲುರಾತ್ರಿ ರಿಲೇ ಸೇವೆ ಒದಗಿಸಲೇಬೇಕೆಂಬ ಸ್ಪಷ್ಟವಾದ ಕಲಮು ಈ ಅಧಿನಿಯಮದಲ್ಲಾಗಲಿ, 2023ರ ದೂರಸಂಪರ್ಕ ಅಧಿನಿಯಮದಲ್ಲಾಗಲಿ ಇಲ್ಲ. 1997ರಲ್ಲಿ ಸ್ಥಾಪಿತವಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2017ರ ಡಿಸೆಂಬರಿನಲ್ಲಿ ಈ ಜನರ ಸೌಕರ್ಯದ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿ 2018ರ ಜುಲೈನಲ್ಲಿ ಶಿಫಾರಸುಗಳನ್ನು ಮಾಡಿತು. ಶಿಫಾರಸು ಎಷ್ಟಾದರೂ ಶಿಫಾರಸೇ, ಆಜ್ಞೆಯಲ್ಲ.

ಕಿವಿ ಕೇಳದವರನ್ನು ಮರೆತು ನಿಯಮ ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದ ಒಂದು ಉದಾಹರಣೆಯೇ ಸಾಕು. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ವದಂತಿಯನ್ನು ತಡೆಯಲು ಕೇಂದ್ರ ಸರ್ಕಾರ ದೇಶದಾದ್ಯಂತ ದಿನಕ್ಕೆ ಐದೇ ಎಸ್.ಎಂ.ಎಸ್. ಎಂದು ಮಿತಿ ಹಾಕಿತು. ಕೆಲವು ದಿನಗಳ ಮೇಲೆ ಅದನ್ನು ಇಪ್ಪತ್ತಕ್ಕೆ ಏರಿಸಿ, ತಿಂಗಳ ಕೊನೆಗೆ ತೆಗೆದುಹಾಕಿತು. ಕೇಳುವವರಿಗೆ ಮಾತನಾಡುವ ದಾರಿ ತೆರೆದೇ ಇತ್ತು. ಅಕ್ಷರವೇ ಧ್ವನಿಯಾದವರಿಗೆ ದಿನಕ್ಕೆ ಐದು ಸಾಲಿನ ಬಾಳು ಎಂದಾಯಿತು. ಇದರಲ್ಲಿ ದ್ವೇಷವಿರಲಿಲ್ಲ, ಮರೆವಿತ್ತು. ಮರೆವಿಗೆ ಮದ್ದು ಕಾನೂನಿನಲ್ಲಿ ಬರೆದಿಡುವುದೊಂದೇ.

ಭರವಸೆಗೆ ಕಾರಣಗಳಿಲ್ಲದೆ ಇಲ್ಲ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಅದು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದು 2021ರ ಹೊತ್ತಿಗೆ ಅದನ್ನು 10,000 ಪದಗಳಿಗೆ ಬೆಳೆಸಿತು. 2023ರಲ್ಲಿ ಆ ಕೇಂದ್ರದ ಮೂಲಕ ವಿಡಿಯೊ ರಿಲೇ ಸೇವೆಯೂ ಮೊದಲಾಯಿತು. ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಮೊಕದ್ದಮೆಯಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಸೌಕರ್ಯದ ಮಾನದಂಡಗಳನ್ನು ಬರಿಯ ಮಾರ್ಗಸೂಚಿಗಳನ್ನಾಗಿ ಇಟ್ಟಿದ್ದ 15ನೆಯ ನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಹೇಳಿ, ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರೂಪಿಸಲು ಆದೇಶಿಸಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಮೊಕದ್ದಮೆಯಲ್ಲಿ ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿಗೇ ಸೇರಿದುದೆಂದು ಹೇಳಿತು. ಮಾಡಬಹುದು ಎನ್ನುವುದಕ್ಕೂ ಮಾಡಲೇಬೇಕು ಎನ್ನುವುದಕ್ಕೂ ಇರುವ ಅಂತರವನ್ನು ಈ ತೀರ್ಪುಗಳು ತೋರಿಸಿವೆ.

ಹಣದ ಪ್ರಶ್ನೆಯೂ ಬಗೆಹರಿಯದಂತಹುದಲ್ಲ. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯ ಆದಾಯದಲ್ಲಿ ಶೇ. 5ರಷ್ಟನ್ನು ಸಾರ್ವತ್ರಿಕ ಸೇವೆಗಾಗಿ ಕೊಡುತ್ತವೆ. ಆ ನಿಧಿಗೆ 2023ರ ಅಧಿನಿಯಮವು ಡಿಜಿಟಲ್ ಭಾರತ ನಿಧಿ ಎಂದು ಹೆಸರಿಟ್ಟಿದೆ. ಹಳ್ಳಿಗೆ ಗೋಪುರ ತಲಪಿಸುವುದು ಸಾರ್ವತ್ರಿಕ ಸೇವೆಯಾದರೆ, ಗೋಪುರದ ಕೆಳಗೇ ಇದ್ದೂ ಫೋನು ತಲಪದವರಿಗೆ ಮಾತು ತಲಪಿಸುವುದು ಏಕಾಗಬಾರದು?

ಕನ್ನಡದ ಪ್ರಶ್ನೆ

ಇಲ್ಲಿ ಒಂದು ತೊಡಕನ್ನು ಮುಚ್ಚಿಡಲಾಗದು. ದೆಹಲಿಯ ದುಭಾಷಿಗೆ ಆನವಟ್ಟಿಯ ಅಂಗಡಿಯವರ ಕನ್ನಡ ತಿಳಿಯಬೇಕು; ನಮ್ಮ ಚಿಕ್ಕಮ್ಮನ ಮನೆಸನ್ನೆಯೂ ತಿಳಿಯಬೇಕು. ಚಿಕ್ಕಮ್ಮ ಭಾರತೀಯ ಸಂಜ್ಞಾಭಾಷೆಯನ್ನು ಶಾಲೆಯಲ್ಲಿ ಕಲಿತವರಲ್ಲ. ಅವರ ಸನ್ನೆಗಳು ಮನೆಯಲ್ಲಿ ಬೆಳೆದವು. ಸನ್ನೆಗಳಿಗೂ ಊರಿನ ಗುಣವುಂಟು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲಿಪುರದಲ್ಲಿ ಹುಟ್ಟಿನಿಂದ ಕಿವಿ ಕೇಳದವರು ಬಹಳ ಮಂದಿ ಇರುವುದರಿಂದ ಆ ಊರಿನದೇ ಒಂದು ಸಂಜ್ಞಾಭಾಷೆ ಬೆಳೆದಿದೆ. ಭಾಷಾವಿಜ್ಞಾನಿಗಳು ಅದನ್ನು ಅಭ್ಯಾಸ ಮಾಡಿದ್ದಾರೆ. ಅಲ್ಲಿ ಕಿವಿ ಕೇಳುವವರಲ್ಲಿಯೂ ಅನೇಕರು ಆ ಭಾಷೆಯನ್ನು ಬಲ್ಲರು. ಆದುದರಿಂದ ರಿಲೇ ಕೇಂದ್ರಗಳು ರಾಜ್ಯ ರಾಜ್ಯಗಳಲ್ಲಿ ಆಯಾ ಭಾಷೆ ಬಲ್ಲವರಿಂದ ನಡೆಯಬೇಕು. 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಸಂಸ್ಥೆ ನಮ್ಮ ರಾಜ್ಯದಲ್ಲಿರುವಾಗ ತರಬೇತಿಗೆ ನೆಲೆಯಿಲ್ಲವೆನ್ನುವಂತಿಲ್ಲ. ಓದುಬರಹ ಕಲಿತು ಕೆಲಸಕ್ಕಾಗಿ ಕಾದಿರುವ ನಮ್ಮಂತಹ ಪದವೀಧರರಿಗೆ ಇದೊಂದು ಗೌರವದ ಉದ್ಯೋಗವೂ ಆದೀತು.

ಆಡಿದ ಮಾತನ್ನು ಕನ್ನಡ ಅಕ್ಷರವಾಗಿ ತೋರಿಸುವ ಸೌಕರ್ಯ ಈಗ ಮೊಬೈಲಿನಲ್ಲಿಯೇ ಬಂದಿದೆ, ಇನ್ನು ನಡುವೆ ಮನುಷ್ಯರೇಕೆ ಎಂದು ಕೆಲವರು ಕೇಳಬಹುದು. ಚಿಕ್ಕಮ್ಮ ಅದನ್ನು ಬಳಸಿ ನೋಡಿದ್ದಾರೆ. ವಾರ್ತೆ ಓದುವವರ ಕನ್ನಡ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ನಮ್ಮ ಕಡೆಯ ಮಾತು ಬಂದರೆ ತಡವರಿಸುತ್ತದೆ. ವಿಡಿಯೊ ಕರೆ ಬಂದ ಮೇಲೆ ಅವರು ತಮ್ಮಂತಹ ಗೆಳತಿಯರೊಡನೆ ಗಂಟೆಗಟ್ಟಲೆ ಕೈಮಾತು ಆಡುತ್ತಾರೆ. ಅಲ್ಲಿ ನನ್ನ ಅಗತ್ಯವಿಲ್ಲ. ಅಗತ್ಯ ಬೀಳುವುದು ಆಸ್ಪತ್ರೆ, ಬ್ಯಾಂಕು, ಕಚೇರಿ, 112ರಂತಹ ತುರ್ತು ಕರೆ ಇವುಗಳ ಎದುರಿನಲ್ಲಿ. ಎಂದರೆ, ತಪ್ಪಾದರೆ ಬೆಲೆ ತೆರಬೇಕಾದ ಕಡೆಗಳಲ್ಲಿಯೇ.

ಉಪಸಂಹಾರ

ಹೇಳಿದುದನ್ನು ಒಟ್ಟುಗೂಡಿಸುತ್ತೇನೆ. ರಿಲೇ ಸೇವೆ ದಾನವಲ್ಲ, ದೂರವಾಣಿಯದೇ ಒಂದು ಅಂಗ. ಅದು ಕಡ್ಡಾಯವಾಗಬೇಕು, ಕನ್ನಡದಲ್ಲಿ ಸಿಗಬೇಕು, ಹಗಲುರಾತ್ರಿ ಇರಬೇಕು. ಖರ್ಚು ಎಲ್ಲರ ನಿಧಿಯಿಂದ ಸಲ್ಲಬೇಕು, ಲೆಕ್ಕ ಬಿಗಿಯಾಗಿರಬೇಕು. ನಡುವಿನವರು ಮಾತನ್ನು ಬಚ್ಚಿಡಲೂ ಬಾರದು, ಬಯಲು ಮಾಡಲೂ ಬಾರದು. ಆ ಕರೆಯನ್ನು ಸಂಸ್ಥೆಗಳು ಒಪ್ಪಲೇಬೇಕು.

ಬಳ್ಳಿಗಾವೆಯ ಅಲ್ಲಮನೂ ಉಡುತಡಿಯ ಅಕ್ಕನೂ ಹುಟ್ಟಿದ ತಾಲ್ಲೂಕು ನಮ್ಮದು. ಮಾತಿನ ಬೆಲೆಯನ್ನು ನಾಡಿಗೆ ಕಲಿಸಿದ ನೆಲವಿದು. ಈ ನೆಲದ ಒಂದು ಮನೆಯಲ್ಲಿ ಒಬ್ಬರಿಗೆ ಬಂದ ಮಾತನ್ನು ಇನ್ನೊಬ್ಬರು ನುಂಗಿದರೆಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಚಿಕ್ಕಮ್ಮನಿಗೆ ಓದಲು ಕೊಟ್ಟೆ. ಹಾನಗಲ್ಲಿನ ಪ್ರಸಂಗ ಬೇಡವೆಂದರೆ ತೆಗೆಯುವೆನೆಂದೂ ಹೇಳಿದೆ. ಬೆರಳಿಟ್ಟು ಓದಿದರು, ಕಷ್ಟದ ಪದಗಳನ್ನು ಸನ್ನೆಯಲ್ಲಿ ಕೇಳಿ ತಿಳಿದುಕೊಂಡರು. ಹಾನಗಲ್ಲಿನ ಪ್ರಸಂಗ ಬಂದಾಗ ಅಲ್ಲಿಯೇ ನಿಂತು ಮತ್ತೊಮ್ಮೆ ಓದಿದರು. ಆಮೇಲೆ ಪೆನ್ಸಿಲಿನಿಂದ ಅಂಚಿನಲ್ಲಿ, "ಇರಲಿ, ಬಿಡಬೇಡ" ಎಂದು ಬರೆದರು. ಒಂದು ಅಕ್ಷರವನ್ನೂ ತಿದ್ದದೆ ಅದನ್ನು ಹಾಗೆಯೇ ಇಲ್ಲಿ ದಾಟಿಸಿದ್ದೇನೆ.